ಡ್ರ್ಯಾಗನ್ ಪಕ್ಕದ ಮೀನು

“ಫೋಟೋ ಎಲ್ಲಿ?” ಕೋಲ್ಟನ್ ಕೇಳಿದ.

“ತೆಗೆದಿಲ್ಲ,” ಎಂದಳು ರೇಲಿನ್.

“ಹೋಗ್ಲಿ, ಮೂಳೆ? ಒಂದು ಹುರುಪೆ? ಏನಾದ್ರೂ ಇದ್ಯಾ?”

“ಇಲ್ಲ. ಎಲ್ಲಾ ಕೊಟ್ಬಿಟ್ವಿ.”

“ಯಾರಿಗೆ?”

“ನಮ್ಮ ಕಡೆ ವಯಸ್ಸಾದವರಿಗೆ.”

“ನೀನು ತಿನ್ನಲಿಲ್ವಾ?”

“ಇಲ್ಲ.”

ಕೋಲ್ಟನ್ ತರಗತಿಯ ಕಡೆ ತಿರುಗಿ ಎರಡೂ ಕೈ ಅಗಲಿಸಿದ. “ಹದಿನೆಂಟು ಪೌಂಡ್ ಸಾಲ್ಮನ್ ಅಂತೆ. ಯಾರೂ ನೋಡಿಲ್ಲ. ಹಿಡಿದವಳೂ ತಿಂದಿಲ್ಲ. ಪಾಪ, ತಾನು ಸಿಕ್ಕಿಬಿದ್ದೆ ಅಂತ ಆ ಮೀನಿಗಾದ್ರೂ ಗೊತ್ತಿತ್ತಾ?”

ತರಗತಿ ನಕ್ಕಿತು. ರೇಲಿನ್ ನಗಲಿಲ್ಲ. ಅವಳ ಕೈಯಲ್ಲಿ ಒಂದು ಚಿತ್ರವಿತ್ತು. ಭಾನುವಾರ ಸಂಜೆಯಿಡೀ ಕೂತು ಬರೆದದ್ದು. ಬೆನ್ನಿಗೆ ಹಸಿರು, ಹೊಟ್ಟೆಗೆ ಬಿಳಿ, ಪಕ್ಕೆಗೆ ಪೆನ್ಸಿಲ್ಲಿನ ಸೀಸವನ್ನು ಬೆರಳಲ್ಲಿ ಉಜ್ಜಿ ತಂದ ಬೆಳ್ಳಿ.

ಗೋಡೆಯ ಮೇಲೆ ‘ನಮ್ಮ ವಸಂತ’ ಎಂಬ ಬೋರ್ಡ್ ಇತ್ತು. ಅದರ ಎಡಗಡೆ ಹಳದಿ ಕಾಗದ, ಮೇಲೆ ‘ನಿಜ’ ಎಂದು ಬರೆದಿತ್ತು. ಬಲಗಡೆ ನೀಲಿ ಕಾಗದ, ಅದರ ಮೇಲೆ ‘ಕಲ್ಪನೆ’. ಆಧಾರ ತಂದವರು ಹಳದಿಯ ಮೇಲೆ ಹಾಕಬಹುದು. ಅಲ್ಲಿ ಫೋಟೋಗಳಿದ್ದವು, ಒಂದು ರೈಲು ಟಿಕೆಟ್ ಇತ್ತು, ಯಾರೋ ತಂದ ಹಕ್ಕಿಗರಿ ಇತ್ತು. ನೀಲಿಯ ಮೇಲೆ ಬೆಂಕಿ ಉಗುಳುವ ಡ್ರ್ಯಾಗನ್ ಇತ್ತು, ರೆಕ್ಕೆ ಬಂದ ಸ್ಕೂಲ್ ಬಸ್ ಇತ್ತು.

ಮಿಸ್ ಹ್ಯಾಲರನ್ ಕೆಟ್ಟವರಲ್ಲ. ಅವರು ಯಾರನ್ನೂ ಗದರಿದ್ದನ್ನು ರೇಲಿನ್ ಕಂಡಿರಲಿಲ್ಲ. ಈಗಲೂ ಮೆಲ್ಲಗೇ ಹೇಳಿದರು.

“ತುಂಬಾ ಚೆನ್ನಾಗಿ ಬರ್ದಿದ್ದೀಯ ರೇಲಿನ್. ಆದ್ರೆ ರೂಲ್ ಎಲ್ರಿಗೂ ಒಂದೇ ಅಲ್ವಾ? ಸದ್ಯಕ್ಕೆ ಇಲ್ಲಿ ಹಾಕೋಣ.”

ಚಿತ್ರ ಹೋಗಿ ಡ್ರ್ಯಾಗನ್ ಪಕ್ಕ ಕೂತಿತು. ಮಿಸ್ ಹ್ಯಾಲರನ್ ಅದರ ನಾಲ್ಕೂ ಮೂಲೆಗೆ ಒಂದೊಂದು ಪಿನ್ ಚುಚ್ಚಿದರು. ಆ ನಾಲ್ಕು ಪಿನ್ನೂ ರೇಲಿನ್ ಮೈಗೇ ಚುಚ್ಚಿದವು.

ಅವಳು ಹಳದಿ ಕಡೆ ನೋಡಿದಳು. ಅಲ್ಲಿ ಎಲ್ಲಕ್ಕಿಂತ ದೊಡ್ಡ ಫೋಟೋ ಕೋಲ್ಟನ್‌ದು. ಒಂದು ಕೈಯಲ್ಲಿ ಗಾಳದ ಕೋಲು, ಇನ್ನೊಂದು ಕೈಯಲ್ಲಿ ಕಿವಿರಿಗೆ ಬೆರಳು ತೂರಿಸಿ ಎತ್ತಿದ ಸಾಲ್ಮನ್. ಕೆಳಗೆ ಕೆಂಪಕ್ಷರದಲ್ಲಿ, ‘ನಾನು ಹಿಡಿದ ಮೀನು.’

ಮೀನಿನ ಬಾಲದ ಸ್ವಲ್ಪ ಮೇಲೆ ಒಂದು ಗಾಯದ ಗುರುತಿತ್ತು. ಅರ್ಧ ಚಂದ್ರನ ಆಕಾರ. ನದಿ ಕಡಲು ಸೇರುವ ಕಡೆ ಯಾವುದೋ ಕಡಲಸಿಂಹ ಬಾಯಿ ಹಾಕಿದ್ದು, ಮೀನು ತಪ್ಪಿಸಿಕೊಂಡು ಬಂದದ್ದು.

ಆ ಗುರುತು ರೇಲಿನ್‌ಗೆ ಗೊತ್ತಿತ್ತು. ಭಾನುವಾರ ಬೆಳಿಗ್ಗೆ ಹೆದ್ದಾರಿ ಪಕ್ಕ ಟೆರೆನ್ಸ್ ಮಾವ ಐಸ್ ತುಂಬಿದ ಕೂಲರ್ ಇಟ್ಟುಕೊಂಡು ಮೀನು ಮಾರಲು ನಿಂತಿದ್ದಾಗ ಅವಳೂ ಜೊತೆಗಿದ್ದಳು. ಹಿಂದೆ ದೋಣಿ ಕಟ್ಟಿಕೊಂಡ ಒಂದು ದೊಡ್ಡ ಟ್ರಕ್ ಬಂದು ನಿಂತಿತ್ತು. ಅದರಿಂದ ಇಳಿದವನು ಕೂಲರಿನೊಳಗೆ ಬಗ್ಗಿ, “ಈ ಕಚ್ಚಿಸಿಕೊಂಡವನೇ ಇರಲಿ. ಒಳ್ಳೆ ಜಗಳಗಂಟನ ಥರ ಇದಾನೆ,” ಎಂದಿದ್ದ. ಮೀನನ್ನು ಕಾಗದದಲ್ಲಿ ಸುತ್ತಿಕೊಟ್ಟವಳು ರೇಲಿನ್. ಟ್ರಕ್ಕಿನಲ್ಲಿ ಒಬ್ಬ ಹುಡುಗ ಜಾಕೆಟ್ಟಿನ ಟೊಪ್ಪಿಯನ್ನು ಮೂಗಿನವರೆಗೆ ಎಳೆದುಕೊಂಡು ಕೂತಿದ್ದ.

“ಮಿಸ್,” ಎಂದಳು ರೇಲಿನ್. “ಅದು ನಮ್ಮ ಮಾವನ ಮೀನು.”

“ಯಾವುದು?”

“ಕೋಲ್ಟನ್ ಹಿಡ್ಕೊಂಡಿರೋದು. ಅವನು ಹಿಡಿದಿಲ್ಲ. ಅವರಪ್ಪ ನಮ್ಮ ಕೂಲರ್‌ನಿಂದ ತಗೊಂಡಿದ್ದು. ನಾನೇ ಸುತ್ತಿಕೊಟ್ಟೆ.”

ಕೋಲ್ಟನ್ ಫೋಟೋಗೆ ಅಡ್ಡ ಬಂದು ನಿಂತ. “ಸುಳ್ಳು,” ಎಂದ. “ಮಿಸ್, ಅವಳದ್ದು ನೀಲಿ ಕಡೆ ಹಾಕಿದ್ರಿ ಅಂತ ಹೊಟ್ಟೆಕಿಚ್ಚು.”

“ಬಾಲದ ಹತ್ರ ನೋಡಿ. ಕಚ್ಚಿದ ಗುರುತಿದೆ.”

“ಸಾಕು ರೇಲಿನ್.” ಮಿಸ್ ಹ್ಯಾಲರನ್ ಅವರ ದನಿ ಮೊದಲ ಸಲ ಗಟ್ಟಿಯಾಯಿತು. “ನಮ್ಮದನ್ನ ನಂಬಲಿಲ್ಲ ಅಂತ ಬೇರೆಯವರನ್ನ ಸುಳ್ಳುಗಾರ ಅನ್ನಬಾರದು. ನಾಳೆ ಬೆಳಿಗ್ಗೆ ಎಲ್ಲರೆದುರು ಕೋಲ್ಟನ್‌ಗೆ ಸಾರಿ ಹೇಳ್ಬೇಕು. ರಾತ್ರಿ ಯೋಚನೆ ಮಾಡು.”

ರೇಲಿನ್ ಈ ಊರಿನ ಶಾಲೆಗೆ ಬಂದು ಒಂದು ವರ್ಷವೂ ಆಗಿರಲಿಲ್ಲ. ನದಿಯ ಕಡೆಯವರು, ಅಲ್ಲಿನ ಮೂಲನಿವಾಸಿಗಳು, ಆ ತರಗತಿಯಲ್ಲಿ ಅವಳೊಬ್ಬಳೇ. “ಹೌದು, ನಾನೂ ನೋಡಿದೆ” ಎನ್ನುವವರು ಯಾರೂ ಇರಲಿಲ್ಲ.

ಅವಳು ಕೂತಳು. ಡೆಸ್ಕಿನ ಅಡಿಯಲ್ಲಿ ಕಾಲುಗಳು ತಮ್ಮಷ್ಟಕ್ಕೆ ಕುಣಿಯುತ್ತಿದ್ದವು. ಸಿಟ್ಟಿಗೆ.

* * *

ಟೆರೆನ್ಸ್ ಮಾವನ ಪಿಕಪ್ ಶಾಲೆಯ ಗೇಟಿನ ಮುಂದೆ ನಿಂತಿತ್ತು. ಬಲೆಯ ಉದ್ದ ಕೋಲು ಹಿಂದಿನಿಂದ ಆಚೆ ಚಾಚಿತ್ತು. ಅದರ ತುದಿಗೆ ಕಟ್ಟಿದ ಕೆಂಪು ಬಟ್ಟೆ ಗಾಳಿಗೆ ಪಟಪಟ ಎನ್ನುತ್ತಿತ್ತು.

“ಏನಮ್ಮಾ ರೇ, ಯಾರನ್ನ ಕಚ್ಚೋಕೆ ಹೊರಟಿದ್ದೀಯ?”

ಅವಳು ಬಾಗಿಲು ದಢಾರನೆ ಹಾಕಿದಳು. ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಡ್ರ್ಯಾಗನ್ ಬಳಿ ಬಂದಾಗ ಮಾವನ ತುಟಿ ಅಲುಗಿತು. ಕೋಲ್ಟನ್‌ನ ಫೋಟೋ ಬಳಿ ಬಂದಾಗ ಅವನು ಸ್ಟಿಯರಿಂಗ್ ಬಡಿದು ನಕ್ಕೇಬಿಟ್ಟ.

“ಆ ಕಚ್ಚಿಸಿಕೊಂಡವನಾ? ಹೆಂಗೆ ಕಾಣ್ತಾನೆ ಫೋಟೋದಲ್ಲಿ?”

“ನಗಬೇಡ ಮಾವ.”

“ನಗದೆ ಇನ್ನೇನ್ ಮಾಡ್ಲಿ? ನನ್ನ ಮೀನು ಸ್ಕೂಲಿಗೆ ಹೋಗಿದೆ. ನಾನೇ ಐದನೇ ಕ್ಲಾಸ್ ದಾಟಕ್ಕೆ ಒದ್ದಾಡಿದ್ದೆ.”

“ನಾಳೆ ನೀನು ಬಂದು ಹೇಳು. ಅದು ನೀನು ಹಿಡಿದಿದ್ದು ಅಂತ. ನಾನು ಹಿಡಿದಿದ್ದನ್ನೂ ನೋಡಿದೆ ಅಂತ.”

“ನಾಳೆ ಬೆಳಿಗ್ಗೆ ನದೀಲಿ, ಹಲಗೆ ಮೇಲಿರ್ತೀನಿ. ಮೀನು ನದಿ ಹತ್ತೋದು ಇನ್ನು ಎರಡು ವಾರ ಅಷ್ಟೇ. ನಿಮ್ಮ ಮಿಸ್ಸಿಗೋಸ್ಕರ ಕಾಯ್ಕೊಂಡ್ ಕೂತಿರುತ್ತಾ ಅದು?”

“ಫೋಟೋ ತೆಗೆದಿದ್ರೆ ಏನಾಗ್ತಿತ್ತು?”

ಮಾವ ಗೇರ್ ಹಾಕಿ ಪಿಕಪ್ ರಸ್ತೆಗೆ ಇಳಿಸಿದ. “ಎರಡೂ ಕೈಯಲ್ಲಿ ಕೋಲಿತ್ತಲ್ಲ ನಿಂದು. ಫೋನ್ ಯಾರ ಕೈಲಿ ಇರ್ಬೇಕಿತ್ತು? ನನ್ನ ಕೈಲಿ ನಿನ್ನ ಹಗ್ಗ ಇತ್ತು.”

ರೇಲಿನ್ ಕಿಟಕಿಯ ಕಡೆ ತಿರುಗಿದಳು. ಬೆಟ್ಟದ ಇಳಿಜಾರಿನ ತುಂಬ ಹಳದಿ ಹೂಗಳು. ಹಳದಿ ಎಂದರೆ ನಿಜ. ಆ ಬಣ್ಣವೂ ಅವಳಿಗೆ ಬೇಡವಾಗಿತ್ತು.

ಶನಿವಾರ ಅವಳು ನಿಂತದ್ದು ಮೂರು ಹಲಗೆಯ ಅಟ್ಟಣಿಗೆಯ ಮೇಲೆ. ಕೆಳಗೆ, ಎರಡು ಬಂಡೆಗಳ ನಡುವೆ, ಹಿಮ ಕರಗಿದ ಬೂದಿ ಬಣ್ಣದ ನೀರು ನುಗ್ಗುತ್ತಿತ್ತು. ಸೊಂಟಕ್ಕೆ ಹಗ್ಗ, ಹಗ್ಗದ ಇನ್ನೊಂದು ತುದಿ ಬಂಡೆಗೆ ಬಡಿದ ಕಬ್ಬಿಣದ ಬಳೆಗೆ, ನಡುವೆ ಮಾವನ ಮುಷ್ಟಿ. “ನಮ್ಮ ಕಾಲದಲ್ಲಿ ಹೆಣ್ಣುಮಕ್ಕಳು ಹಲಗೆ ಹತ್ತುತ್ತಿರಲಿಲ್ಲ,” ಎಂದು ಅಜ್ಜಿ ನಾಲ್ಕು ಸಲ ಹೇಳಿದ್ದಳು. ಐದನೆಯ ಸಲ, “ಒದ್ದೆಯಾದ್ರೆ ಜ್ವರ ಬರತ್ತೆ,” ಎಂದು ತನ್ನ ಉಣ್ಣೆಯ ಕಾಲುಚೀಲ ಕೊಟ್ಟಿದ್ದಳು.

ಬಲೆಯ ಕೋಲು ಅವಳ ಮೂರರಷ್ಟು ಉದ್ದ. ನೀರು ಅದನ್ನು ತನ್ನ ಕಡೆ ಎಳೆಯುತ್ತಿತ್ತು, ಅವಳು ತನ್ನ ಕಡೆ. ಒಂದು ಗಂಟೆ ಏನೂ ಇಲ್ಲ. ತೋಳು ಮರಗಟ್ಟಿತು. ಗದ್ದಲಕ್ಕೆ ಕಿವಿ ಕಿವುಡಾಯಿತು.

ಆಮೇಲೆ ಕೋಲಿನೊಳಗೆ ಒಂದು ಗುದ್ದು. ಕೆಳಗಿನಿಂದ ಯಾರೋ ಬಾಗಿಲು ತಟ್ಟಿದ ಹಾಗೆ.

“ಬೆರಳಿನ ದಾರ ಬಿಡು,” ಎಂದು ಮಾವ ಕೂಗಿದ. ಬಲೆಯನ್ನು ತೆರೆದು ಹಿಡಿದಿದ್ದ ದಾರವನ್ನು ಅವಳು ಬಿಟ್ಟಳು. ಬಲೆಯ ಬಾಯಿ ಮುಚ್ಚಿತು. ಕೋಲು ಹುಚ್ಚು ಹಿಡಿದಂತೆ ಕುಣಿಯಿತು. ಅವಳು ಕೋಲನ್ನು ಕೈ ಮೇಲೆ ಕೈ ಹಾಕಿ ಎಳೆದಳು. ಮಾವ ಮುಟ್ಟಲಿಲ್ಲ. ಕೊನೆಯ ಮೊಳದವರೆಗೂ ಅವನು ಹಗ್ಗ ಮಾತ್ರ ಹಿಡಿದಿದ್ದ. ಹಲಗೆಯ ಮೇಲೆ ಬಂದು ಬಿದ್ದಾಗ ಅದು ಮೀನಿನಂತೆ ಇರಲಿಲ್ಲ. ಆಕಾಶದಿಂದ ಒಂದು ತುಂಡು ಕಿತ್ತು ತಂದಂತಿತ್ತು.

ಮಾವ ದೊಣ್ಣೆಯಿಂದ ಒಂದೇ ಏಟು ಹಾಕಿದ. ಒದ್ದೆ ಗೋಣಿಚೀಲ ಹೊದಿಸಿದ. ಹಿಡಿದ ಮೀನನ್ನು ಎತ್ತಿ ಕುಣಿಸಿ ತೋರಿಸುವುದು ಅವರಲ್ಲಿಲ್ಲ. ಅಷ್ಟು ದೂರ ಈಜಿ ಬಂದದ್ದಕ್ಕೆ ಅವಮಾನ ಎನ್ನುತ್ತಾರೆ.

ಮತ್ತು ಮೊದಲ ಮೀನು ಹಿಡಿದವರದಲ್ಲ. ಅದು ಅವಳಿಗೂ ಗೊತ್ತಿತ್ತು, ತೊಟ್ಟಿಲಲ್ಲಿದ್ದಾಗಿನಿಂದ ಗೊತ್ತಿತ್ತು. ಅಜ್ಜಿ ಅದನ್ನು ಏಳು ತುಂಡು ಮಾಡಿದಳು. ಏಳು ಮನೆಗಳಿಗೆ ರೇಲಿನ್ ತಾನೇ ಹೊತ್ತುಕೊಂಡು ಹೋಗಿ ಕೊಟ್ಟಳು. ತಿಂದು ಉಳಿದ ಮೂಳೆಗಳನ್ನು ಅವರವರೇ ನದಿಗೆ ಬಿಡುವುದು ಪದ್ಧತಿ. ಅವಳ ಕೈಗೆ ಉಳಿದದ್ದು ವಾಸನೆ. ಅದೂ ಭಾನುವಾರದ ಸ್ನಾನಕ್ಕೆ ಹೋಯಿತು.

* * *

ಅಜ್ಜಿ ಅಡುಗೆಮನೆಯಲ್ಲಿ ಮೀನು ಸೀಳುತ್ತಿದ್ದಳು. ಗಾಳಿಗೆ ಒಣಹಾಕಲು ತೆಳ್ಳಗೆ, ಹಾಳೆಯ ಹಾಗೆ ಸೀಳಬೇಕು. ಅವಳ ಚಾಕು ನೋಡದೆಯೇ ನಡೆಯುತ್ತಿತ್ತು. ರೇಲಿನ್‌ಳ ಅಮ್ಮ ಆಸ್ಪತ್ರೆಯ ಸಂಜೆ ಪಾಳಿಗೆ ಹೊರಟುಹೋಗಿದ್ದಳು.

“ಅಜ್ಜಿ, ಒಂದೇ ಒಂದು ತುಂಡು ನನಗೆ ಇಟ್ಟಿದ್ರೆ ಏನಾಗ್ತಿತ್ತು?”

“ಎರಡನೇದು ಹಿಡಿ. ಪೂರ್ತಿ ನೀನೇ ತಿನ್ನು. ಬೆಕ್ಕಿಗೂ ಕೊಡಬೇಡ.”

“ಎರಡನೇದು ಬೇಡ. ನಂಗೆ ಅದೇ ಬೇಕಿತ್ತು. ಬಾಲ ಆದ್ರೂ ಇಟ್ಕೋಬೇಕಿತ್ತು. ಈಗ ಎಲ್ರೂ ನಂಗೆ ಸುಳ್ಳಿ ಅಂತಾರೆ. ಕೊಳ್ಳೋಕೆ ಬಂದವನದ್ದು ನಿಜ, ಹಿಡಿದವಳದ್ದು ಸುಳ್ಳು. ಸಾರಿ ಬೇರೆ ಹೇಳ್ಬೇಕಂತೆ. ಇದೆಲ್ಲಾ ನಿಮ್ಮಿಂದಾನೇ. ನಿಮ್ಮ ಪದ್ಧತಿಯಿಂದ.”

ಚಾಕು ನಿಂತಿತು. ಅಜ್ಜಿ ಅವಳ ಮುಖ ನೋಡಿದಳು. ಬಯ್ಯುತ್ತಾಳೆ ಎಂದುಕೊಂಡಳು ರೇಲಿನ್. ಬಯ್ದಿದ್ದರೆ ಚೆನ್ನಾಗಿತ್ತು. ಇನ್ನಷ್ಟು ಕೂಗಾಡಬಹುದಿತ್ತು.

“ಆರ್ವಿಲ್ ತಾತನ ಮನೇಲಿ ನನ್ನ ಪಾತ್ರೆ ಉಳಿದಿದೆ,” ಎಂದಳು ಅಜ್ಜಿ. “ಹೋಗಿ ತಗೊಂಬಾ.”

ರೇಲಿನ್ ಹೊರಟಳು. ಪಾತ್ರೆಗಾಗಿ ಅಲ್ಲ. ಬಾಲದ ಕಡೆಯ ತುಂಡು ಹೋದದ್ದು ಆರ್ವಿಲ್ ತಾತನಿಗೆ. ಎಲ್ಲರಿಗಿಂತ ಸೋಮಾರಿ ಅವರೇ. ಮೂಳೆಯನ್ನು ಇನ್ನೂ ನದಿಗೆ ಹಾಕಿರದಿದ್ದರೆ?

* * *

ಆರ್ವಿಲ್ ತಾತ ನದಿಯಂಚಿನಲ್ಲಿ ಗಾಲಿ ಮೇಲೆ ನಿಂತ ಟ್ರೈಲರ್ ಮನೆಯ ಮೆಟ್ಟಿಲಿನ ಮೇಲೆ ಕೂತಿದ್ದರು. ಅವರಿಗೆ ಎಂಬತ್ತರ ಮೇಲೆ. ಕಣ್ಣಿನಲ್ಲಿ ಹಾಲು ಕದಡಿದಂತೆ ಪೊರೆ ಬಂದಿತ್ತು. ಮುಖ ನೋಡಿ ಗುರುತಿಸುವುದನ್ನು ಬಿಟ್ಟು ಹೆಜ್ಜೆ ಸಪ್ಪಳದಿಂದ ಗುರುತಿಸುತ್ತಿದ್ದರು.

“ಯಾರದು, ನೆಲ ಒಡೆದುಹಾಕ್ತಿರೋದು? ಡೆಲ್ಫಿನ್ ಮೊಮ್ಮಗಳಾ?”

“ಹೂಂ ತಾತ. ಪಾತ್ರೆ ತಗೊಂಡೋಗೋಕೆ ಬಂದೆ. ತಾತ, ನನ್ನ ಮೀನಿನ ಮೂಳೆ ಇದ್ಯಾ?”

“ಮೂಳೆ ಯಾಕೆ ಇರತ್ತೆ? ಶನಿವಾರವೇ ನೀರಿಗೆ ಬಿಟ್ಟೆ. ನನ್ನನ್ನ ಏನಂದ್ಕೊಂಡಿದ್ದೀಯ?”

ರೇಲಿನ್ ಮೆಟ್ಟಿಲ ಮೇಲೆ ಕುಸಿದು ಕೂತಳು. ತಾತನ ಮುದಿ ನಾಯಿ ಬಂದು ಅವಳ ಶೂ ಮೂಸಿ, ಆಸಕ್ತಿ ಕಳೆದುಕೊಂಡು ಹೋಯಿತು. ಯಾರೂ ಕೇಳದೆಯೇ ಅವಳು ಎಲ್ಲ ಹೇಳಿದಳು. ಮೂರನೆಯ ಸಲ ಹೇಳುವಾಗ ಕತೆ ಚಿಕ್ಕದಾಗಿತ್ತು, ಸಿಟ್ಟು ಮಾತ್ರ ಅಷ್ಟೇ ಇತ್ತು.

ತಾತ ಸಮಾಧಾನ ಹೇಳಲಿಲ್ಲ. “ಆಧಾರ,” ಎಂದು ಪಕ್ಕಕ್ಕೆ ಉಗಿದರು. “ನಮಗೂ ಒಬ್ಬ ಕೇಳಿದ್ದ.”

“ಯಾರು?”

“ಕೊಲಂಬಿಯಾ ನದಿಗೆ ಅಣೆಕಟ್ಟು ಕಟ್ಟೋ ಕಾಲ. ನನ್ನ ಮೊದಲ ಮೀನು ನಾನು ಹಿಡಿದಿದ್ದು ಆ ದೊಡ್ಡ ನದೀಲಿ, ಅಬ್ಬಿ ಹತ್ರ, ಅಪ್ಪನ ಬಂಡೆ ಮೇಲೆ. ನಿನಗಿಂತ ಚಿಕ್ಕವನು. ಮೀನು ನನ್ನಷ್ಟೇ ಇತ್ತು. ನಗಬೇಡ.”

“ನಗ್ತಿಲ್ಲ.”

“ಅದಾಗಿ ಕೆಲವು ವರ್ಷಕ್ಕೆ ಕಾಗದದ ಕಟ್ಟು ಹಿಡ್ಕೊಂಡು ಒಬ್ಬ ಬಂದ. ಒಳ್ಳೆ ಮನುಷ್ಯನೇ, ಟೋಪಿ ತೆಗೆದು ಮಾತಾಡ್ತಿದ್ದ. ‘ಈ ಬಂಡೆ ನಿಮ್ಮದು ಅನ್ನೋದಕ್ಕೆ ಆಧಾರ ಏನು?’ ಅಂದ. ಅಪ್ಪ ಏನಂದ್ರು ಗೊತ್ತಾ? ‘ಊಟಕ್ಕೆ ಕೂತ್ಕೋ. ಮೀನು ಬೆಂದಿದೆ. ತಿಂದು ಆಮೇಲೆ ಕೇಳು’ ಅಂದ್ರು.”

“ಅವನು ಕೂತ್ಕೊಂಡ್ನಾ?”

“ಟೈಮಿಲ್ಲ ಅಂದ. ಕಾಗದದಲ್ಲಿ ಏನೋ ಬರ್ಕೊಂಡು ಹೋದ. ಆಮೇಲೆ ಒಂದಿನ ನೀರು ಏರ್ತಾ ಬಂತು. ಅಬ್ಬಿ ಮುಳುಗಿತು. ಬಂಡೆ ಮುಳುಗಿತು. ಆ ಸದ್ದು, ಹುಟ್ಟಿದಾಗಿನಿಂದ ಕಿವೀಲಿದ್ದಿದ್ದು, ನಿಂತುಹೋಯ್ತು. ನನಗೇ ಕಿವಿ ಹೋಯ್ತು ಅಂದ್ಕೊಂಡೆ. ಅಮ್ಮನ್ನ ಕರೆದು ‘ಏನಾದ್ರೂ ಮಾತಾಡು’ ಅಂದೆ.”

ರೇಲಿನ್ ಕೆಳಗೆ ಹರಿಯುವ ನದಿಯನ್ನು ಕೇಳಿಸಿಕೊಂಡಳು. ಇಷ್ಟು ಹೊತ್ತೂ ಅದು ಕೇಳಿಸುತ್ತಲೇ ಇತ್ತು ಎಂಬುದು ಆಗ ಗೊತ್ತಾಯಿತು.

“ಮತ್ತೆ ನಿಮ್ಮ ಮೊದಲ ಮೀನನ್ನ ಯಾರು ನಂಬ್ತಾರೆ ತಾತ?”

“ತಿಂದವರು ನಂಬ್ತಿದ್ರು. ಆರು ಜನ. ಒಬ್ಬೊಬ್ಬರೂ ಸಾಯೋವರೆಗೂ ನನ್ನ ಕಂಡಾಗೆಲ್ಲ ಅದೇ ಮಾತು. ಒಬ್ಬಳು, ‘ಉಪ್ಪು ಜಾಸ್ತಿ ಹಾಕ್ಬಿಟ್ಟೆ ಕಣೋ ನಿನ್ನ ಮೀನಿಗೆ’ ಅಂತ ಮೂವತ್ತು ವರ್ಷ ಬೇಜಾರು ಮಾಡ್ಕೊಂಡ್ಲು.”

ತಾತ ಒಳಗೆ ಹೋಗಿ ಪಾತ್ರೆ ತಂದರು. ತೊಳೆದಿರಲಿಲ್ಲ.

“ನಾಳೆ ಸಾರಿ ಹೇಳ್ತೀಯಾ?”

“ಇಲ್ಲ.”

“ಮತ್ತೇನು ಹೇಳ್ತೀಯಾ?”

“ಗೊತ್ತಿಲ್ಲ.”

“ಸರಿ, ಹೋಗು. ಮೆಲ್ಲಗೆ ಹೆಜ್ಜೆ ಇಡು. ಈ ನೆಲ ಏನೂ ಮಾಡಿಲ್ಲ ನಿನಗೆ.”

* * *

ಮರುದಿನ ಬೆಳಿಗ್ಗೆ ಹಾಜರಿ ಮುಗಿದ ಕೂಡಲೇ ಮಿಸ್ ಹ್ಯಾಲರನ್ ಪುಸ್ತಕ ಮುಚ್ಚಿದರು.

“ರೇಲಿನ್.”

ರೇಲಿನ್ ಎದ್ದು ಮುಂದೆ ಹೋದಳು. ಕೋಲ್ಟನ್ ಮೊದಲೇ ಅಲ್ಲಿ ನಿಂತಿದ್ದ, ಬಹುಮಾನ ಇಸಿದುಕೊಳ್ಳುವವನ ಹಾಗೆ. ಆದರೆ ಅವನು ಅವಳನ್ನು ನೋಡುತ್ತಿರಲಿಲ್ಲ. ತನ್ನ ಶೂ ನೋಡುತ್ತಿದ್ದ.

ಸಾರಿ ಎಂಬುದು ಎರಡೇ ಅಕ್ಷರ. ಹೇಳಿದರೆ ಮುಗಿಯಿತು. ಮಗ್ಗಿ ಶುರುವಾಗುತ್ತದೆ, ಮಧ್ಯಾಹ್ನವಾಗುತ್ತದೆ, ಎಲ್ಲರೂ ಮರೆಯುತ್ತಾರೆ.

“ಮೀನು ಹೇಗಿತ್ತು?” ಎಂದಳು ರೇಲಿನ್.

ಕೋಲ್ಟನ್ ತಲೆ ಎತ್ತಿದ. “ಏನು?”

“ತಿಂದ್ರಲ್ಲ. ರುಚಿ ಹೇಗಿತ್ತು?”

“ಚೆನ್ನಾಗಿತ್ತು.”

“ಯಾರ್ ಯಾರು ತಿಂದ್ರಿ?”

ಕೋಲ್ಟನ್ ಬೋರ್ಡಿನ ಕಡೆ ಒಮ್ಮೆ ನೋಡಿದ, ಬಾಗಿಲಿನ ಕಡೆ ಒಮ್ಮೆ ನೋಡಿದ.

“ನಾನು, ಅಪ್ಪ. ಅಜ್ಜಿ. ಅಜ್ಜಿಗೆ ಹುಷಾರಿಲ್ಲ, ಏನೂ ತಿಂತಿರಲಿಲ್ಲ. ಅವತ್ತು ಚರ್ಮದ ಸಮೇತ ತಿಂದ್ರು. ಎರಡು ಸಲ ಹಾಕಿಸ್ಕೊಂಡ್ರು.”

ರೇಲಿನ್‌ಗೆ ಆ ಮೀನು ಕಣ್ಣಿಗೆ ಕಟ್ಟಿತು. ಕಡಲಸಿಂಹದ ಬಾಯಿಂದ ತಪ್ಪಿಸಿಕೊಂಡು, ಅಣೆಕಟ್ಟಿನಲ್ಲಿ ಮೀನಿಗೆಂದೇ ಕಟ್ಟಿದ ನೀರಿನ ಮೆಟ್ಟಿಲು ಹತ್ತಿ, ಮಾವನ ಬಲೆಗೆ ಸಿಕ್ಕಿ, ತನ್ನ ಕೈಯಿಂದ ಕಾಗದ ಸುತ್ತಿಸಿಕೊಂಡು, ಗೊತ್ತಿಲ್ಲದ ಒಬ್ಬ ಅಜ್ಜಿಯ ತಟ್ಟೆಗೆ ಹೋಗಿ ಬಿದ್ದ ಮೀನು.

“ನಮ್ಮ ಮಾವನಿಗೆ ಹೇಳ್ತೀನಿ,” ಎಂದಳು. “ಖುಷಿಪಡ್ತಾನೆ.”

ಕೋಲ್ಟನ್‌ನ ಕಿವಿಗಳು ಸಾಲ್ಮನ್ ಮೊಟ್ಟೆಯ ಬಣ್ಣಕ್ಕೆ ತಿರುಗಿದ್ದವು.

“ರೇಲಿನ್, ನಾವು ಸಾರಿ ಅಂತ ಹೇಳೋದಿತ್ತು,” ಎಂದರು ಮಿಸ್ ಹ್ಯಾಲರನ್.

“ಬೇಡ ಮಿಸ್,” ಎಂದ ಕೋಲ್ಟನ್.

“ಬೇಡವಾ?”

“ನಂಗೆ ಸಾರಿ ಬೇಡ.” ಅವನು ಹೋಗಿ ತನ್ನ ಜಾಗದಲ್ಲಿ ಕೂತುಬಿಟ್ಟ.

ಮಧ್ಯಾಹ್ನ ಆಟದ ಬಯಲಿನಲ್ಲಿ ಅವನು ರೇಲಿನ್ ಪಕ್ಕ ಬಂದು ನಿಂತ. ಇಬ್ಬರೂ ಬೇಲಿಯ ಕಡೆ ಮುಖ ಮಾಡಿದ್ದರು.

“ಮೂರು ಶನಿವಾರ ಕೂತಿದ್ವಿ ದೋಣೀಲಿ,” ಎಂದ. “ಬೆಳಗಿನ ಜಾವದಿಂದ. ಒಂದೂ ಕಚ್ಚಲಿಲ್ಲ. ಅಜ್ಜಿಗೆ ತರ್ತೀನಿ ಅಂತ ಹೇಳ್ಬಿಟ್ಟಿದ್ದೆ.”

“ಗಾಳದ ಕೋಲು ಯಾಕೆ ಹಿಡ್ಕೊಂಡೆ ಹಾಗಾದ್ರೆ?”

“ಅಪ್ಪ ಹಿಡ್ಕೋ ಅಂದ್ರು.” ಬೇಲಿಯ ತಂತಿ ಎಳೆಯುತ್ತ, “ಕೆಂಪು ಅಕ್ಷರ ನಾನೇ ಬರೆದಿದ್ದು,” ಎಂದ.

“ಮಿಸ್ ಹತ್ರ ಹೇಳು.”

ಅವನು ಕಾಲಲ್ಲಿ ಒಂದು ಕಲ್ಲನ್ನು ಒದ್ದು, ಅದರ ಹಿಂದೆಯೇ ಓಡಿಹೋದ.

ಅವನು ಹೇಳಲಿಲ್ಲ. ಸಂಜೆ ಗಂಟೆ ಹೊಡೆದಾಗಲೂ ಫೋಟೋ ಹಳದಿಯ ಮೇಲೇ ಇತ್ತು. ರೇಲಿನ್‌ಗೆ ಮತ್ತೆ ಸಿಟ್ಟು ಬಂತು. ಇದು ನಿನ್ನೆಯ ಸಿಟ್ಟಿನ ಹಾಗೆ ಕಾಲು ಕುಣಿಸಲಿಲ್ಲ. ತಣ್ಣಗಿತ್ತು. ಅವಳು ಬೋರ್ಡಿನ ಬಳಿ ಹೋಗಿ ಡ್ರ್ಯಾಗನ್ ಪಕ್ಕದಿಂದ ಒಂದೊಂದೇ ಪಿನ್ ಕೀಳತೊಡಗಿದಳು.

“ರೇಲಿನ್?” ಮಿಸ್ ಹ್ಯಾಲರನ್ ಹತ್ತಿರ ಬಂದರು. “ನಾನೂ ಯೋಚನೆ ಮಾಡ್ದೆ. ಬೇಕಾದ್ರೆ ಅದನ್ನ ಮಧ್ಯದಲ್ಲಿ ಹಾಕೋಣ. ಹಳದಿ, ನೀಲಿ ಎರಡೂ ಸೇರೋ ಕಡೆ. ಸರಿನಾ?”

“ಮಧ್ಯದಲ್ಲಿ ಏನೂ ಆಗಿಲ್ಲ ಮಿಸ್,” ಎಂದಳು ರೇಲಿನ್. “ನದೀಲಿ ಆಗಿದ್ದು.”

ನಾಲ್ಕನೆಯ ಪಿನ್ನನ್ನು ಅವಳು ಅವರ ಅಂಗೈಯಲ್ಲಿಟ್ಟಳು. ಚಿತ್ರವನ್ನು ಮಡಿಸದೆ ಸುರುಳಿ ಸುತ್ತಿಕೊಂಡಳು.

“ಮನೇಲಿ ಇಟ್ಕೋತೀಯಾ?”

“ಇಲ್ಲ. ಕೊಡೋಕೆ.”

* * *

ಟೆರೆನ್ಸ್ ಮಾವ ಅವಳನ್ನು ಟ್ರೈಲರ್ ಮನೆಯ ತಿರುವಿನಲ್ಲಿ ಇಳಿಸಿದ. ಕೋಲ್ಟನ್‌ನ ಅಜ್ಜಿಯ ಸುದ್ದಿ ಕೇಳಿ ಅವನು ನಕ್ಕಿರಲಿಲ್ಲ. “ಚರ್ಮದ ಸಮೇತ?” ಎಂದು ಎರಡು ಸಲ ಕೇಳಿದ್ದ. ಆಮೇಲೆ ದಾರಿಯುದ್ದಕ್ಕೂ ಸಿಳ್ಳೆ ಹಾಕಿಕೊಂಡು ಬಂದಿದ್ದ.

“ಇವತ್ತು ನೆಲಕ್ಕೆ ಏಟು ಕಮ್ಮಿ ಬೀಳ್ತಿದೆ,” ಎಂದರು ಆರ್ವಿಲ್ ತಾತ ಮೆಟ್ಟಿಲ ಮೇಲಿಂದಲೇ. “ಸಾರಿ ಹೇಳಿದ್ಯಾ?”

“ಇಲ್ಲ.”

“ನಂಬಿದ್ರಾ?”

“ಇಲ್ಲ.”

“ಹೂಂ. ಕೈಯಲ್ಲೇನು, ಕಾಗದದ ಸದ್ದು?”

“ನನ್ನ ಮೀನು ತಾತ. ಬರೆದಿದ್ದು. ನಿಮಗೆ.”

ತಾತ ಸುರುಳಿ ಬಿಚ್ಚಿದರು. ಮೊದಲು ತೊಡೆಯ ಮೇಲಿಟ್ಟು ನೋಡಿದರು. ಆಗಲಿಲ್ಲ. ಎರಡೂ ಕೈಯಲ್ಲಿ ಎತ್ತಿ, ಬಿಸಿಲಿಗೆ ತಿರುಗಿಸಿ, ಕಾಗದವನ್ನು ಮೂಗಿನ ತನಕ ತಂದರು. ಪೊರೆ ಬಂದ ಕಣ್ಣು ತಲೆಯಿಂದ ಶುರುಮಾಡಿ ಬೆನ್ನ ಮೇಲೆ, ಪಕ್ಕೆಯ ಮೇಲೆ, ಒಂದೊಂದೇ ಅಂಗುಲ ಈಜುತ್ತ ಹೋಯಿತು. ತುಂಬ ಹೊತ್ತು ಹಿಡಿಯಿತು. ನಾಯಿ ಎದ್ದು ಜಾಗ ಬದಲಾಯಿಸಿ ಮತ್ತೆ ಮಲಗಿತು.

ಬಾಲದ ಬಳಿ ಬಂದಾಗ ತಾತನ ಕಣ್ಣು ನಿಂತಿತು. ಹೆಬ್ಬೆರಳಿನಿಂದ ಅಲ್ಲಿ ಉಜ್ಜಿದರು. ಮುಖ ಕಿವುಚಿದರು.

“ಬಾಲ ತಪ್ಪು ಬರ್ದಿದ್ದೀಯ.”

“ತಪ್ಪಾ?”

“ಇಷ್ಟು ಸಣ್ಣ ಎಲ್ಲಿತ್ತು? ನನ್ನ ತಟ್ಟೆಯಿಂದ ಆಚೆ ಬಂದಿತ್ತು. ಈ ಕಡೆ ಎರಡು ಬೆರಳು, ಆ ಕಡೆ ಎರಡು ಬೆರಳು. ಮೇಲ್ಗಡೆ ತುದಿ ಒಂಚೂರು ಹರಿದಿತ್ತು, ಬಂಡೆಗೆ ಉಜ್ಜಿ ಉಜ್ಜಿ. ಅದೆಲ್ಲಿ?”

ರೇಲಿನ್ ನೆನಪು ಮಾಡಿಕೊಂಡಳು. ಹರಿದಿತ್ತು. ಹೌದು, ಹರಿದಿತ್ತು. ಗೋಣಿಚೀಲದ ಅಂಚಿನಿಂದ ಅದು ಆಚೆ ಇಣುಕುತ್ತಿದ್ದುದು ಈಗ ಕಣ್ಣಮುಂದೆ ಬಂತು. ಅವಳೇ ಮರೆತಿದ್ದಳು.

ಅವಳು ಬ್ಯಾಗ್ ಇಳಿಸಿ, ಪೆನ್ಸಿಲ್ ಹುಡುಕಿ, ತಾತನ ಪಕ್ಕ ಕೂತಳು. ಚಿತ್ರವನ್ನು ಇಬ್ಬರ ತೊಡೆಯ ಮೇಲೂ ಹಾಸಿದಳು.

“ಇಷ್ಟಾ?”

“ಇನ್ನೂ ಅಗಲ.”

“ಇಷ್ಟು?”

“ಇನ್ನೂ.”

ಬಾಲ ಅಗಲವಾಗುತ್ತ ಹೋಗಿ ಕಾಗದದ ಅಂಚನ್ನು ಮುಟ್ಟಿತು. ಕಾಗದ ಮುಗಿದಿತ್ತು. ಮೀನು ಇನ್ನೂ ಮುಗಿದಿರಲಿಲ್ಲ.